ದಂಡನಾಯಕನ ನೇರನುಡಿ

ಹಲವಾಗಲು ಗ್ರಾಮದ ಮಗ್ಗುಲಲ್ಲಿ ಹರಿಯುವ ತುಂಗಭದ್ರೆ 1948ರಲ್ಲಿ ಹಲವು ಆಳ್ವಿಕೆಗಳಿಗೆ ಎಲ್ಲೆಯಾಗಿದ್ದಿತು. ಬಲದಂಡೆಯ ನಮ್ಮ ಹರಪನಹಳ್ಳಿ, ಹಡಗಲಿ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯೊಡನೆ ಮದರಾಸು ಪ್ರಾಂತಕ್ಕೆ ಸೇರಿದ್ದುವು. ಎದುರು ದಂಡೆಯ ರಾಣೆಬೆನ್ನೂರಿನ ಸೀಮೆ ಧಾರವಾಡ ಜಿಲ್ಲೆಯದಾಗಿ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಹೊಳೆಯ ಜಾಡು ಹಿಡಿದು ಇನ್ನಷ್ಟು ಕೆಳಕ್ಕೆ ನಡೆದರೆ ಕೊಪ್ಪಳ, ಅಲ್ಲಿಂದಲೇ ಹೈದರಾಬಾದಿನ ನಿಜಾಮನ ರಾಜ್ಯ. ನಿಜಾಮನ ಪರವಾಗಿದ್ದ ರಜಾಕಾರರ ಪಡೆಯ ಹಾವಳಿಗೆ ಹೆದರಿ ಗಂಟುಮೂಟೆ ಕಟ್ಟಿ ಗಡಿ ದಾಟಿ ಬಂದ ಸಂಸಾರಗಳ ಕಥೆಯನ್ನೂ, ನಿಜಾಮನ ವಿರುದ್ಧ ಹೋರಾಡಲು ಅಳವಂಡಿ ಶಿವಮೂರ್ತಿಸ್ವಾಮಿಗಳು ನಡೆಸಿದ ಮುಂಡರಗಿ ಶಿಬಿರದ ಕಥೆಯನ್ನೂ ಈ ಭಾಗದ ಹಿರಿಯರು ಬಹುಕಾಲ ಹೇಳಿದ್ದಾರೆ. ಆ ವರ್ಷದ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಹಲವು ದಿಕ್ಕುಗಳಿಂದ, ಹೊಸಪೇಟೆಯ ಕಡೆಯಿಂದಲೂ ಸಹ, ನಿಜಾಮನ ರಾಜ್ಯವನ್ನು ಪ್ರವೇಶಿಸಿತು; 17ರ ಸಂಜೆಗೆ ನಿಜಾಮ ಕದನವಿರಾಮವನ್ನು ಸಾರಿದನು; ಮರುದಿನ ಅವನ ಸೇನಾಪತಿ ಮೇಜರ್ ಜನರಲ್ ಎಲ್ ಎಡ್ರೂಸ್ ನಮ್ಮ ಮೇಜರ್ ಜನರಲ್ ಜೆ. ಎನ್. ಚೌಧುರಿಯವರಿಗೆ ಶರಣಾದನು. ಸರ್ಕಾರ ಇದಕ್ಕೆ ಯುದ್ಧವೆಂದು ಹೆಸರಿಡದೆ ಪೋಲೀಸ್ ಕಾರ್ಯಾಚರಣೆಯೆಂದು ಕರೆಯಿತು. ಟ್ಯಾಂಕು, ತೋಪು, ವಿಮಾನಗಳೊಡನೆ ನಡೆದ ಈ ಕಾರ್ಯಾಚರಣೆಯನ್ನು ನಾವು ಸಾಮಾನ್ಯವಾಗಿ ವಿಮೋಚನೆಯ ಸಂತೋಷದಲ್ಲಿ ಸ್ಮರಿಸುತ್ತೇವೆ, ಅದು ಯುಕ್ತವೇ ಸರಿ. ಆದರೆ ಆಯುಧಗಳ ವಿಷಯದಲ್ಲಿ ಸೈನಿಕನು ಆಳುವವನಿಗೆ ಏನು ಹೇಳಿದನು, ಆಳುವವನು ಅದನ್ನು ಹೇಗೆ ಕೇಳಿದನು ಎಂಬ ದೃಷ್ಟಿಯಿಂದ ಅದನ್ನು ಪರಿಶೀಲಿಸಿದವರು ವಿರಳ.

ನಿಜಾಮನ ಪಕ್ಷವನ್ನೇ ಮೊದಲು ನೋಡೋಣ. ಅವನ ಸೈನ್ಯದಲ್ಲಿ ಇಪ್ಪತ್ತು ಸಾವಿರಕ್ಕೆ ಮೇಲ್ಪಟ್ಟು ಜನರಿದ್ದರೂ ಪೂರ್ಣ ಶಿಕ್ಷಣವನ್ನೂ ಸಜ್ಜನ್ನೂ ಪಡೆದಿದ್ದವರು ಅದರಲ್ಲೊಂದು ಸಣ್ಣ ಭಾಗ. ಮುಂದಾಳು ಖಾಸಿಂ ರಜ್ವಿಯ ಹಿಂದೆ ಕೂಗುತ್ತ ಹೊರಟ ರಜಾಕಾರರಲ್ಲಿ ಬಹುಮಂದಿಯ ಕೈಯಲ್ಲಿದ್ದುದು ಮದ್ದು ಜಡಿದು ಹಾರಿಸುವ ಹಳೆಯ ಕೋವಿ, ಭರ್ಜಿ, ಕತ್ತಿ. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ವೈಮಾನಿಕನು ಕರಾಚಿಯಿಂದ ರಾತ್ರಿ ವೇಳೆ ಕದ್ದು ತಂದಿಳಿಸಿದ ಶಸ್ತ್ರಗಳು ಈ ಕೊರತೆಯನ್ನು ತುಂಬುವಷ್ಟಿರಲಿಲ್ಲ. ಭಾರತದ ಕವಚದಳದ ಮುಂದೆ ಈ ಸೈನ್ಯ ಎಷ್ಟು ದಿನ ನಿಲ್ಲಬಲ್ಲದೆಂಬುದು ಸೇನಾಪತಿಗೆ ತಿಳಿಯದ ರಹಸ್ಯವಾಗಿರಲಾರದು. ಪ್ರಧಾನಮಂತ್ರಿ ಲಾಯಕ್ ಅಲಿಯಾದರೋ ಎಂಜಿನಿಯರು, ಉದ್ಯಮಿ. ಕಾಗದದ ಮೇಲಿನ ಲೆಕ್ಕವನ್ನು ಓದಬಲ್ಲವನು. ಆದರೂ ಸಂಧಾನದ ಬಾಗಿಲು ತೆರೆದಿದ್ದ ತಿಂಗಳುಗಳಲ್ಲೆಲ್ಲ ಆ ಸರ್ಕಾರ ತನಗೆ ಬಲವುಂಟೆಂಬ ಭಾವದಿಂದಲೇ ವರ್ತಿಸಿತು. ಸೋತ ತರುವಾಯ ಸೇನಾಪತಿಯೂ ಪ್ರಧಾನಿಯೂ ತಮ್ಮ ತಮ್ಮ ನೆನಪುಗಳನ್ನು ಬರೆದರು. ಯಾರು ಯಾರಿಗೆ ಎಷ್ಟು ಸತ್ಯವನ್ನು ಹೇಳಿದರೆಂಬ ವಿಷಯದಲ್ಲಿ ಆ ಎರಡು ಬರಹಗಳು ಒಂದನ್ನೊಂದು ಒಪ್ಪುವುದಿಲ್ಲ. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಆ ವಿವಾದದ ತೀರ್ಪಲ್ಲ, ವಿವಾದವೊಂದು ಸಾಧ್ಯವಾಯಿತೆಂಬುದೇ. ಐದು ದಿನಗಳ ಸೋಲಿಗೆ ಮುಂಚೆ ಆಯುಧಗಳ ಯಥಾರ್ಥಸ್ಥಿತಿಯನ್ನು ಸ್ಪಷ್ಟವಾಗಿ ಹೇಳಿ, ಬರೆದು, ಕೇಳಿಸಿಕೊಂಡವರಿಂದ ಸಹಿ ಪಡೆದಿದ್ದರೆ, ಎರಡು ಪುಸ್ತಕಗಳು ಎರಡು ಸತ್ಯಗಳನ್ನು ಹೇಳುವ ಪ್ರಸಂಗ ಬರುತ್ತಿರಲಿಲ್ಲ. ಸಾಯಬೇಕಾಗಿಲ್ಲದ ಸಾಮಾನ್ಯ ಸಿಪಾಯಿಗಳು ಬಹುಶಃ ಸಾಯುತ್ತಲೂ ಇರಲಿಲ್ಲ.

ದೆಹಲಿಯಲ್ಲಿ ನಡೆದುದು ಬೇರೆಯ ತರಹದ್ದು. ಆಗ ನಮ್ಮ ಭೂಸೇನೆಯ ಮುಖ್ಯಸ್ಥ ಇನ್ನೂ ಆಂಗ್ಲ ಜನರಲ್ ಸರ್ ರಾಯ್ ಬುಚರ್. ಕಾಶ್ಮೀರದಲ್ಲಿ ಕದನ ನಡೆಯುತ್ತಿರುವಾಗ ದಕ್ಷಿಣದಲ್ಲಿ ಮತ್ತೊಂದು ಕಣವನ್ನು ತೆರೆಯುವುದು ಅಪಾಯಕರವೆಂದೂ, ಮುಂಬಯಿ ಅಹಮದಾಬಾದುಗಳ ಮೇಲೆ ವಿಮಾನದಾಳಿ ನಡೆದರೂ ನಡೆಯಬಹುದೆಂದೂ ಅವನು ಎಚ್ಚರಿಕೆ ಹೇಳಿದನು. ಸರ್ದಾರ್ ಪಟೇಲರು ಆ ಮಾತನ್ನು ಕೇಳಿದರು, ತೂಗಿದರು, ಒಪ್ಪಲಿಲ್ಲ. ಕಾರ್ಯಾಚರಣೆ ನಡೆಯಿತು. ಜನರಲನ ಭಯ ನಿಜವಾಗಲಿಲ್ಲವೆಂಬ ಕಾರಣಕ್ಕೆ ಅವನನ್ನು ಹಳಿಯುವವರುಂಟು. ನಾನು ಆ ಪಂಗಡಕ್ಕೆ ಸೇರಿದವನಲ್ಲ. ಸೈನಿಕನು ಅಪಾಯದ ಅಂದಾಜನ್ನು ನಿರ್ಮಮವಾಗಿ ಹೇಳಬೇಕು. ಆ ಅಪಾಯವನ್ನು ದೇಶ ಹೊರಬೇಕೇ ಬೇಡವೇ ಎಂಬುದನ್ನು ಜನರಿಗೆ ಉತ್ತರ ಹೇಳಬೇಕಾದ ಮಂತ್ರಿ ನಿರ್ಧರಿಸಬೇಕು. ನಿರ್ಧಾರವಾದ ಮೇಲೆ ಸೈನಿಕನು ತನ್ನ ಅಂದಾಜನ್ನು ಬದಿಗಿಟ್ಟು ಕೆಲಸಕ್ಕೆ ತೊಡಗಬೇಕು. ಈ ಮೂರೂ ಅಲ್ಲಿ ಹೆಚ್ಚುಕಡಿಮೆ ಕ್ರಮವಾಗಿ ನಡೆದುವು.

ಹೊರಶತ್ರುವಿನೊಡನೆ ನಡೆಯುವ ಯುದ್ಧಕ್ಕಿಂತ ಒಳನಾಡಿನ ರಕ್ಷಣಾ ಕಾರ್ಯಾಚರಣೆಯಲ್ಲಿ ಈ ನೇರನುಡಿಯ ಅಗತ್ಯ ಹೆಚ್ಚೆಂದು ನಾನು ನಂಬಿದ್ದೇನೆ. ಏಕೆಂದರೆ ಅಲ್ಲಿ ನಳಿಗೆಯ ಮುಂದೆ ನಿಂತವರು, ಅವರು ಎಷ್ಟೇ ಅಪರಾಧ ಮಾಡಿರಲಿ, ನಾಳೆಯೂ ಇದೇ ರಾಜ್ಯದ ಪ್ರಜೆಗಳಾಗಿ ಇದೇ ಸರ್ಕಾರದ ಬಾಗಿಲಿಗೆ ಬರತಕ್ಕವರು, ಮತ ಹಾಕತಕ್ಕವರು. ಆಯುಧವೊಂದು ಎಷ್ಟು ದೂರ ಹೊಡೆಯುತ್ತದೆ, ಗೋಡೆಯನ್ನು ತೂರಿ ಆಚೆಯ ಕೋಣೆಯಲ್ಲಿರುವವರನ್ನೂ ತಗಲುತ್ತದೆಯೇ, ಗುರಿ ತಪ್ಪಿದರೆ ಎಲ್ಲಿ ಬೀಳುತ್ತದೆ, ಒಮ್ಮೆ ಪ್ರಯೋಗಿಸಿದ ಮೇಲೆ ಹಿಂದೆ ಸರಿಯುವುದು ಸಾಧ್ಯವೇ ಎಂಬುದೆಲ್ಲ ಮಂತ್ರಿಗೆ ತಾನಾಗಿ ಗೊತ್ತಾಗುವುದಿಲ್ಲ. ಅವನಿಗೆ ಬಂದೂಕೆಂದರೆ ಬಂದೂಕು, ವಿಮಾನವೆಂದರೆ ವಿಮಾನ. ಆ ಅಜ್ಞಾನ ದೋಷವಲ್ಲ, ಅವನ ವೃತ್ತಿ ಬೇರೆ. ಅದನ್ನು ಹೋಗಲಾಡಿಸದೆ ಅವನಿಂದ ಅಪ್ಪಣೆ ಪಡೆಯುವುದು ಮಾತ್ರ ಸೈನಿಕನ ಪಾಲಿಗೆ ದೊಡ್ಡ ದೋಷ. ನಮ್ಮ ಸೀಮೆಯವರಿಗೆಲ್ಲ ಮೈಲಾರದ ಕಾರ್ಣಿಕ ಗೊತ್ತು: ಉಪವಾಸವ್ರತದಲ್ಲಿದ್ದ ಗೊರವಯ್ಯನು ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಡೆಂಕನಮರಡಿಯ ಜನಸಾಗರ ಸ್ತಬ್ಧವಾಗುತ್ತದೆ, ಅವನ ಬಾಯಿಂದ ಬಂದ ಒಂದೇ ಸಾಲನ್ನು ರೈತನು ಮಳೆಬೆಳೆಗೆ, ವ್ಯಾಪಾರಿಯು ಧಾರಣೆಗೆ, ರಾಜಕಾರಣಿಯು ಗಾದಿಗೆ ಅನ್ವಯಿಸಿಕೊಂಡು ಊರಿಗೆ ಹೊರಡುತ್ತಾನೆ. ದೈವವಾಣಿಗೆ ಅದು ಭೂಷಣ. ಸೇನಾಪತಿಯ ಮಾತು ಹಾಗೆ ಕೇಳಿದವನ ಇಷ್ಟದಂತೆ ಅರ್ಥವಾಗುವುದಾದರೆ ಅದರಿಂದ ಊರು ಸುಡುತ್ತದೆ.

ನಮ್ಮ ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. ಕಾನೂನುಬಾಹಿರವಾದ ಗುಂಪನ್ನು ಚೆದರಿಸಲು ಮ್ಯಾಜಿಸ್ಟ್ರೇಟರು ಸೈನ್ಯವನ್ನು ಕರೆಸಿಕೊಂಡಾಗ, ಕಾರ್ಯಸಾಧನೆಗೆ ಬೇಕಾದಷ್ಟೇ ಬಲವನ್ನು, ಸಾಧ್ಯವಾದಷ್ಟು ಕಡಿಮೆ ಹಾನಿಯಾಗುವಂತೆ ಬಳಸಬೇಕೆಂದು 1973ರ ದಂಡಪ್ರಕ್ರಿಯಾ ಸಂಹಿತೆಯ 130ನೆಯ ಕಲಮು ವಿಧಿಸಿದ್ದಿತು. ಈ ನಿಯಮವನ್ನು ಓದಿದಾಗಲೆಲ್ಲ ನನಗೆ ಜಲಿಯನ್‌ವಾಲಾ ಬಾಗು ನೆನಪಾಗುತ್ತದೆ. 1919ರ ಏಪ್ರಿಲ್ 13ರಂದು ಜನರಲ್ ಡಯರ್ ತನ್ನ ಐವತ್ತು ಮಂದಿ ಬಂದೂಕಿನವರಿಂದ 1,650 ಗುಂಡುಗಳನ್ನು ಹಾರಿಸಿದನು. ಸರ್ಕಾರಿ ಲೆಕ್ಕದಲ್ಲಿಯೇ ಸತ್ತವರು 379. ಮೆಷಿನ್‌ಗನ್ ಹೊತ್ತ ಕವಚದ ಕಾರುಗಳನ್ನು ಅವನು ಒಯ್ದಿದ್ದನಾದರೂ ಓಣಿ ಕಿರಿದಾದ್ದರಿಂದ ಅವು ಹೊರಗೇ ಉಳಿದುವು. ಒಳಕ್ಕೆ ಹೋಗಲು ದಾರಿಯಿದ್ದಿದ್ದರೆ ಅವನ್ನೂ ಬಳಸುತ್ತಿದ್ದಿರಾ ಎಂದು ವಿಚಾರಣೆ ನಡೆಸಿದ ಹಂಟರ್ ಸಮಿತಿ ಕೇಳಿದಾಗ, ಬಹುಶಃ ಹೌದೆಂಬ ಅರ್ಥದ ಉತ್ತರವನ್ನು ಅವನು ಅಳುಕಿಲ್ಲದೆ ಕೊಟ್ಟನು. ಮರೆಮಾಚದ ಮಾತೇ ಅದು. ಆದರೆ ಹೆಣಗಳು ಉರುಳಿದ ಏಳು ತಿಂಗಳ ಮೇಲೆ, ಪಶ್ಚಾತ್ತಾಪದ ಲೇಶವೂ ಇಲ್ಲದೆ ಬಂದ ಆ ಸತ್ಯದಿಂದ ಯಾರಿಗೂ ಪ್ರಯೋಜನವಾಗಲಿಲ್ಲ. ನೇರನುಡಿ ಸದ್ಗುಣವಾಗಬೇಕಾದರೆ ಅದು ಮುಂಚಿತವಾಗಿ ಬರಬೇಕು, ತಡೆಯುವ ಅಧಿಕಾರವುಳ್ಳವರ ಕಿವಿಗೆ ಬೀಳಬೇಕು.

ಸ್ವತಂತ್ರ ಭಾರತವೂ ಈ ಪರೀಕ್ಷೆಯಲ್ಲಿ ಎಡವಿದೆ. 1966ರ ಮಾರ್ಚಿಯಲ್ಲಿ ಮಿಜೋ ಬಂಡುಕೋರರು ಐಜ್ವಾಲಿನ ಅಸ್ಸಾಂ ರೈಫಲ್ಸ್ ಠಾಣ್ಯವನ್ನು ಮುತ್ತಿದಾಗ, ಅದೇ ತಿಂಗಳ 5ರಂದು ನಮ್ಮದೇ ವಾಯುಪಡೆಯ ಕಾಳಗದ ವಿಮಾನಗಳು ಆ ಪಟ್ಟಣದ ಮೇಲೆ ದಾಳಿ ನಡೆಸಿದುವು. ಠಾಣ್ಯ ಉಳಿಯಿತು. ಆದರೆ ವಿಮಾನಗಳು ಹೋದದ್ದು ಜನರನ್ನೂ ಸಾಮಗ್ರಿಯನ್ನೂ ಇಳಿಸುವುದಕ್ಕೆಂದು ಹೊರಗಿನ ಲೋಕಕ್ಕೆ ವಿವರಣೆ ಕೊಡಲಾಯಿತು. ಸುಟ್ಟ ಮನೆಗಳ ಒಡೆಯರು ಅದನ್ನು ನಂಬುವುದು ಹೇಗೆ? ಇಂದಿಗೂ ಮಿಜೋರಮಿನಲ್ಲಿ ಮಾರ್ಚ್ 5 ಸ್ಮರಣೆಯ ದಿನ. ಆ ದಾಳಿ ಅನಿವಾರ್ಯವಾಗಿದ್ದಿತೋ ಇಲ್ಲವೋ ಎಂದು ಎರಡು ಪಕ್ಷದಿಂದಲೂ ವಾದಿಸಬಹುದು. ಆಯುಧದ ಹೆಸರನ್ನೇ ಮರೆಮಾಚಿದ್ದಕ್ಕೆ ಸಮರ್ಥನೆಯಿಲ್ಲ. 1984ರ ಜೂನಿನಲ್ಲಿ ಅಮೃತಸರದ ಸ್ವರ್ಣಮಂದಿರದಲ್ಲಿ ನಡೆದುದೂ ಇದೇ ಪ್ರಶ್ನೆಯನ್ನು ಬೇರೊಂದು ಮುಖದಿಂದ ಎತ್ತುತ್ತದೆ. ಕಾರ್ಯಾಚರಣೆಯನ್ನು ನಡೆಸಿದ ಮೇಜರ್ ಜನರಲ್ ಬ್ರಾರ್ ಆಮೇಲೆ ವಿವರಿಸಿದ ಪ್ರಕಾರ, ಕತ್ತಲೆಯಲ್ಲಿ ಬೆಳಕು ಬೀರುವುದಕ್ಕೆಂದು ಒಳಕ್ಕೆ ತಂದ ಟ್ಯಾಂಕುಗಳು ಬೆಳಗಾಗುವ ಹೊತ್ತಿಗೆ ಅಕಾಲ್ ತಖ್ತಿನ ಮೇಲೆ ತೋಪು ಹಾರಿಸಬೇಕಾಯಿತು. ಒಳಗೆ ಸೇರಿದ್ದ ಸಶಸ್ತ್ರ ಬಂಡುಕೋರರಿಗೆ ಕೋಟೆ ಕಟ್ಟಿಕೊಟ್ಟಿದ್ದವನು ನಮ್ಮ ಸೈನ್ಯದಲ್ಲಿಯೇ ಮೇಜರ್ ಜನರಲ್ ಆಗಿದ್ದ ಶಾಬೇಗ್ ಸಿಂಗ್. ಅವನ ಸಾಮರ್ಥ್ಯ ಯಾರಿಗೂ ಅಪರಿಚಿತವಾಗಿರಲಿಲ್ಲ. ಬಂದೂಕಿನಿಂದ ಮುಗಿಯದಿದ್ದರೆ ತೋಪಿನವರೆಗೆ ಹೋಗಬೇಕಾದೀತು, ಆಗ ಒಂದು ಸಮುದಾಯದ ಹೃದಯವೇ ಒಡೆದೀತು ಎಂಬ ಮಾತು ಮೊದಲ ದಿನವೇ ಪ್ರಧಾನಿಯ ಮೇಜಿನ ಮೇಲೆ ಇರಬೇಕಾಗಿದ್ದಿತು. ಮೆಟ್ಟಿಲು ಮೆಟ್ಟಿಲಾಗಿ ಏರುವ ಬಲಪ್ರಯೋಗದಲ್ಲಿ ಕೊನೆಯ ಮೆಟ್ಟಿಲನ್ನು ಮೊದಲೇ ತೋರಿಸುವುದು ಸೈನಿಕನ ಕೆಲಸ.

ಹಾಗಾದರೆ ಈ ನೇರನುಡಿ ಬತ್ತಿಹೋಗುವುದು ಹೇಗೆ? ಸೈನಿಕರಲ್ಲಿ ಧೈರ್ಯವಿಲ್ಲದೆಯೇ? ಗುಂಡಿಗೆ ಎದೆಯೊಡ್ಡುವವರಿಗೆ ಮಂತ್ರಿಯ ಮುಂದೆ ನಾಲಗೆ ಏಳದಿರುವುದಕ್ಕೆ ಬೇರೆಯೇ ಕಾರಣವಿರಬೇಕು. ಅದು ನಮಗೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯನವರ ಪ್ರಕರಣದಲ್ಲಿ. 1957ರಿಂದ 1961ರವರೆಗೆ ಸೇನಾಮುಖ್ಯಸ್ಥರಾಗಿದ್ದ ಅವರು, ಬಡ್ತಿಗಳಲ್ಲಿ ರಕ್ಷಣಾಮಂತ್ರಿ ಕೃಷ್ಣ ಮೆನನ್ನರು ಕೈಹಾಕುತ್ತಿದ್ದುದನ್ನು ಸಹಿಸದೆ 1959ರ ಆಗಸ್ಟ್ 31ರಂದು ರಾಜೀನಾಮೆ ಬರೆದರು. ನೆಹರೂ ಅವರು ಕರೆದು ಮಾತನಾಡಿ ಅದನ್ನು ಹಿಂತೆಗೆಸಿದರು. ಎರಡು ದಿನಗಳಲ್ಲಿ ಸಂಸತ್ತಿನಲ್ಲಿ ನಿಂತು, ಅದೆಲ್ಲ ಕ್ಷುಲ್ಲಕ ವೈಮನಸ್ಯವೆಂಬಂತೆ ಮಾತನಾಡಿ ಜನರಲರನ್ನೇ ಆಕ್ಷೇಪಿಸಿದರು. ಆ ದಿನ ಸೈನ್ಯದ ಪ್ರತಿಯೊಬ್ಬ ಅಧಿಕಾರಿಯೂ ಒಂದು ಪಾಠವನ್ನು ಕಲಿತಿರಬೇಕು. ತಿಮ್ಮಯ್ಯನವರು ತಮ್ಮ ತರುವಾಯಕ್ಕೆ ಸೂಚಿಸಿದ ಲೆಫ್ಟಿನೆಂಟ್ ಜನರಲ್ ಥೋರಾಟರಿಗೆ ಆ ಪದವಿ ಬರಲಿಲ್ಲ. ಇದೇ ಥೋರಾಟರು ಪೂರ್ವಸೀಮೆಯ ಸೇನಾಪತಿಯಾಗಿ 1959ರ ಅಕ್ಟೋಬರಿನಲ್ಲಿಯೇ, ಚೀನಾ ದಾಳಿ ಮಾಡಿದರೆ ಇಂದಿನ ಅರುಣಾಚಲವಾದ ನೇಫಾ ಪ್ರದೇಶವನ್ನು ಎಲ್ಲಿ ನಿಂತು ಎಷ್ಟು ಬಲದಿಂದ ಕಾಯಬೇಕೆಂಬುದನ್ನು ವಿವರವಾಗಿ ಬರೆದು ಕೊಟ್ಟಿದ್ದರು. 1962ರಲ್ಲಿ ನೆಹರೂ ಅವರು ಕರೆಸಿ ಕೇಳಿದಾಗ, ಆ ಬರಹ ಪ್ರಧಾನಿಯ ಕಣ್ಣಿಗೇ ಬಿದ್ದಿರಲಿಲ್ಲವೆಂಬುದು ಗೊತ್ತಾಯಿತೆಂದು ಥೋರಾಟರು ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಹೇಳಿದ ಸತ್ಯವೂ ನಡುವೆ ಒಬ್ಬನ ಮೇಜಿನಲ್ಲಿ ತಡೆದುಹೋಗಬಹುದು.

ಅದರ ಫಲವನ್ನು ಉಂಡವರು 1962ರಲ್ಲಿ ನೇಫಾದ ನಾಮ್ಕಾ ಚು ಹೊಳೆಯ ದಂಡೆಯಲ್ಲಿದ್ದ ಜವಾನರು. ಅವರ ಕೈಯಲ್ಲಿದ್ದುದು ಲೀ ಎನ್‌ಫೀಲ್ಡ್ ಬಂದೂಕು. ನಮ್ಮ ಹಳ್ಳಿಗಳಲ್ಲಿ ಚುನಾವಣೆಯ ದಿನ ಮತಗಟ್ಟೆಯ ಬಾಗಿಲಲ್ಲಿ ಪೋಲೀಸನ ಹೆಗಲ ಮೇಲೆ ಬಹುಕಾಲ ಕಂಡ ‘ತ್ರೀ ನಾಟ್ ತ್ರೀ’ ಅದೇ. ಡಯರನ ಸಿಪಾಯಿಗಳು ಹಾರಿಸಿದ್ದೂ ಅದೇ ಅಳತೆಯ ಗುಂಡು. ಒಂದು ತೋಟಾ ಹಾರಿಸಿದ ಮೇಲೆ ಬೋಲ್ಟನ್ನು ಮೇಲೆತ್ತಿ, ಹಿಂದಕ್ಕೆಳೆದು, ಖಾಲಿ ಕೊಳವೆ ಹೊರಬಿದ್ದ ಮೇಲೆ ಮುಂದಕ್ಕೆ ತಳ್ಳಿ, ಕೆಳಕ್ಕೆ ಒತ್ತಿ, ಮತ್ತೆ ಗುರಿ ಹಿಡಿದು ಕುದುರೆ ಎಳೆಯಬೇಕು. ಹತ್ತು ಸಲ ಹೀಗೆ ಮಾಡಿದರೆ ಒಳಗಿನ ತೋಟಾ ಮುಗಿಯಿತು. ನಿರಾಯುಧ ಗುಂಪಿನ ಎದುರು ಇದು ಬೇಕಾದುದಕ್ಕಿಂತ ಹೆಚ್ಚು ಕ್ರೂರವಾದ ಅಸ್ತ್ರ. ಸ್ವಯಂಚಾಲಿತ ಬಂದೂಕುಗಳೊಡನೆ ಬೆಟ್ಟದಿಂದಿಳಿದ ಚೀನೀ ಸೈನ್ಯದೆದುರು ಇದು ಹಿಂದಿನ ಕಾಲದ ಸಾಧನ. ಹಿಮದ ಚಳಿಗೆ ಹತ್ತಿಯ ಸಮವಸ್ತ್ರ, ತಲೆಗೆ ಸುಮಾರು ಐವತ್ತು ತೋಟಾ, ಹಿಂದೆ ತೋಪಿನ ಬೆಂಬಲವಿಲ್ಲವೆನ್ನುವಷ್ಟು ಅಲ್ಪ. ಇದನ್ನು ಕಂಡ ಲೆಫ್ಟಿನೆಂಟ್ ಜನರಲ್ ಉಮ್ರಾವ್ ಸಿಂಗ್, ಮದ್ದುಗುಂಡು ದಾಸ್ತಾನುಗಳು ಇಷ್ಟಿಷ್ಟು ಕೂಡಿದ ಹೊರತು ಹೊಳೆಯಾಚೆಯ ಥಗ್ಲಾ ಶ್ರೇಣಿಯ ಮೇಲೆ ಏರಿಹೋಗಲಾಗದೆಂದು ಲೆಕ್ಕ ಹಾಕಿ ಬರೆದು ಕೊಟ್ಟರು. ಲೆಕ್ಕ ಸರಿಯಿದ್ದಿತು. ಪರಿಣಾಮವಾಗಿ ನೇಫಾದ ಹೊಣೆಯನ್ನು ಅವರಿಂದ ತೆಗೆದು, ಅಕ್ಟೋಬರ್ ಮೊದಲ ವಾರದಲ್ಲಿ ಹೊಸ ಸೇನಾವಿಭಾಗವೊಂದನ್ನು ನಿರ್ಮಿಸಿ, ಲೆಫ್ಟಿನೆಂಟ್ ಜನರಲ್ ಕೌಲರ ಕೈಗೆ ಕೊಡಲಾಯಿತು. 12ರಂದು ಪ್ರಧಾನಿಯವರು ಸಿಂಹಳಕ್ಕೆ ಹೊರಡುವಾಗ, ನಮ್ಮ ನೆಲವನ್ನು ತೆರವು ಮಾಡಿಸಲು ಸೈನ್ಯಕ್ಕೆ ಹೇಳಿದೆಯೆಂದರು. 20ರಂದು ಚೀನಾ ಮೇಲೆಬಿದ್ದಿತು. ಸೆರೆಸಿಕ್ಕ ಬ್ರಿಗೇಡಿಯರ್ ಜಾನ್ ದಳವಿಯವರ ಪುಸ್ತಕವನ್ನು ಬಳ್ಳಾರಿಯ ರವಿ ಬೆಳಗೆರೆಯವರು ‘ಹಿಮಾಲಯನ್ ಬ್ಲಂಡರ್’ ಎಂಬ ಮೂಲದ ಹೆಸರಿನಲ್ಲಿಯೇ ಕನ್ನಡಕ್ಕೆ ತಂದ ಮೇಲೆ ಈ ವೃತ್ತಾಂತ ನಮ್ಮ ಸಣ್ಣ ಊರುಗಳ ವಾಚನಾಲಯಗಳಿಗೂ ತಲಪಿದೆ. ಓದಿದವರು ಸಾಮಾನ್ಯವಾಗಿ ನೆಹರೂ, ಮೆನನ್ನರನ್ನು ಬೈದು ಪುಸ್ತಕ ಮುಚ್ಚುತ್ತಾರೆ. ನನಗೆ ಅದಕ್ಕಿಂತ ಹೆಚ್ಚಾಗಿ ಕಾಡುವುದು, ಆಗದೆಂದು ಗೊತ್ತಿದ್ದೂ ಆಗುತ್ತದೆಂದು ತಲೆಯಾಡಿಸಿದ ಸೈನ್ಯದ ಮೇಲಧಿಕಾರಿಗಳ ಮೌನ. ಬಡ್ತಿಯನ್ನು ಸಮ್ಮತಿಗೆ ಗಂಟುಹಾಕಿದ ರಾಜಕಾರಣ ಆ ಮೌನವನ್ನು ಸಾಕಿ ಬೆಳಸಿತು.

ಪೌರಾಧಿಕಾರದ ಪಕ್ಷಪಾತಿಗಳು ಇಲ್ಲಿ ಒಂದು ಆಕ್ಷೇಪವನ್ನೆತ್ತುತ್ತಾರೆ, ಅದನ್ನು ಹಗುರಾಗಿ ಕಾಣಲಾಗದು. ಸೇನಾಪತಿಗೆ ನಾಲಗೆ ಬಿಟ್ಟರೆ ಅದು ಕ್ರಮೇಣ ಕತ್ತಿಯಾಗುತ್ತದೆ. 1958ರಲ್ಲಿ ಪಾಕಿಸ್ತಾನದ ಸೇನಾಪತಿ ಅಯೂಬ್ ಖಾನ್ ಅಧಿಕಾರವನ್ನು ಕಿತ್ತುಕೊಂಡದ್ದನ್ನು ಪಕ್ಕದಲ್ಲೇ ಕಂಡ ನೆಹರೂ ಅವರ ಶಂಕೆ ಅಕಾರಣವೇ ಎಂದು ಅವರು ಕೇಳುತ್ತಾರೆ. ಅಕಾರಣವಲ್ಲ. ಕೊರಿಯದ ಯುದ್ಧದಲ್ಲಿ ಸರ್ಕಾರದ ನೀತಿಯನ್ನು ಬಹಿರಂಗವಾಗಿ ವಿರೋಧಿಸಿದ ಅಮೆರಿಕದ ಸೇನಾಪತಿ ಮೆಕಾರ್ಥರನನ್ನು 1951ರಲ್ಲಿ ಅಧ್ಯಕ್ಷ ಟ್ರೂಮನ್ ತೆಗೆದುಹಾಕಿದ್ದು ಯೋಗ್ಯವೆಂದೇ ನನ್ನ ಮತ. ನಮ್ಮಲ್ಲಿಯೂ ಕಾಶ್ಮೀರದ ಕೆಲವು ಭಾಗಗಳಿಂದ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯಿದೆಯನ್ನು ತೆಗೆಯಬೇಕೇ ಎಂಬ ಚರ್ಚೆ ನಡೆದಾಗ, ಸೇನೆಯ ಹಿರಿಯರು ಸಾರ್ವಜನಿಕವಾಗಿ ಬೇಡವೆಂದದ್ದು ಸಲಹೆಯ ಗಡಿಯನ್ನು ದಾಟಿ ನಿಷೇಧಾಧಿಕಾರದ ಸಮೀಪಕ್ಕೆ ಬಂದಿತು. ಕಾಯಿದೆ ಇರಬೇಕೇ ಎಂಬುದು ಪ್ರಜಾಪ್ರತಿನಿಧಿಗಳ ಪ್ರಶ್ನೆ. ಅದಿಲ್ಲದೆ ತನ್ನ ಕೆಲಸ ಹೇಗಾದೀತೆಂಬುದನ್ನು ಮುಚ್ಚಿದ ಕೋಣೆಯಲ್ಲಿ ಹೇಳುವುದಷ್ಟೇ ಸೈನಿಕನ ಪಾಲು. ಕುಮಾರವ್ಯಾಸನನ್ನು ಗಮಕಿಗಳ ಬಾಯಿಂದ ಕೇಳಿ ಬೆಳೆದ ನಮಗೆ ಭೀಷ್ಮನ ದೃಷ್ಟಾಂತ ಹತ್ತಿರವಾದುದು: ಪಾಂಡವರನ್ನು ಗೆಲ್ಲಲಾಗದೆಂದು ಕೌರವನಿಗೆ ಸಭೆಯಲ್ಲಿಯೇ ಹೇಳಿ, ಸಂಧಿಯನ್ನು ಬೋಧಿಸಿ, ಆಮೇಲೆ ಸೇನಾಪತ್ಯವನ್ನು ವಹಿಸಿ ಹತ್ತು ದಿನ ಕಾದಿದವನು ಅವನು. ಆದರೆ ಭೀಷ್ಮನ ನಿಷ್ಠೆಗೊಂದು ಕೊರತೆಯಿದ್ದಿತು; ಅಧರ್ಮದ ಆಜ್ಞೆಯನ್ನು ತಿರಸ್ಕರಿಸುವ ದಾರಿ ಅವನಿಗೆ ತೋಚಲಿಲ್ಲ. ನಮ್ಮ 1950ರ ಸೇನಾ ಕಾಯಿದೆ ಆ ದಾರಿಯನ್ನು ತೋರಿಸಿದೆ: ಶಿಕ್ಷಾರ್ಹವಾದುದು ಕಾನೂನುಬದ್ಧವಾದ ಆಜ್ಞೆಯ ಉಲ್ಲಂಘನೆ ಮಾತ್ರ.

ಎಲ್ಲಿ, ಯಾರಿಗೆ ಹೇಳಬೇಕೆಂಬುದಕ್ಕೆ ಈಚಿನ ಎರಡು ಸಂಗತಿಗಳು ಸಾಕು. 2012ರ ಮಾರ್ಚಿಯಲ್ಲಿ ಸೇನಾಮುಖ್ಯಸ್ಥ ಜನರಲ್ ವಿ. ಕೆ. ಸಿಂಗ್ ಅವರು ಟ್ಯಾಂಕುಗಳ ಮದ್ದುಗುಂಡಿನ ಕೊರತೆ, ವಾಯುರಕ್ಷಣೆಯ ಹಳೆತನ ಮೊದಲಾದುವನ್ನು ಪ್ರಧಾನಿಗೆ ಪತ್ರ ಬರೆದು ತಿಳಿಸಿದರು. ಪತ್ರ ಬರೆದುದು ಸರಿಯಾದ ಕೆಲಸ. ಅದು ಸೋರಿ ಪತ್ರಿಕೆಗೆ ಬಂದೊಡನೆ ಚರ್ಚೆಯೆಲ್ಲ ಸೋರಿಸಿದವರು ಯಾರೆಂಬ ಕಡೆಗೆ ತಿರುಗಿ, ಮದ್ದುಗುಂಡಿನ ಮಾತು ಮೂಲೆಗೆ ಬಿದ್ದಿತು. 2018ರಲ್ಲಿ ಉಪಸೇನಾಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಶರತ್ ಚಂದ್ ಅವರು ಸಂಸತ್ತಿನ ರಕ್ಷಣಾ ಸ್ಥಾಯೀ ಸಮಿತಿಯ ಮುಂದೆ ಕುಳಿತು, ಸೈನ್ಯದ ಸಾಧನಗಳಲ್ಲಿ ಶೇಕಡಾ 68ರಷ್ಟು ಹಳೆಯ ಕಾಲದವೆಂದೂ ಅತ್ಯಾಧುನಿಕವಾದುವು ಕೇವಲ ಶೇಕಡಾ 8 ಎಂದೂ ನಿವೇದಿಸಿದರು. ಸಮಿತಿ ಅದನ್ನು ತನ್ನ ವರದಿಯಲ್ಲಿ ಅಚ್ಚು ಹಾಕಿಸಿತು. ಯಾರ ಮಾನವೂ ಹೋಗಲಿಲ್ಲ. ಒಳನಾಡಿನ ಕಾರ್ಯಾಚರಣೆಗಳಲ್ಲಿ ಯಾವ ಆಯುಧವನ್ನು, ಯಾರ ಅನುಮತಿಯಿಂದ, ಯಾವ ಸಲಹೆಯ ಮೇಲೆ ಬಳಸಲಾಯಿತೆಂಬುದನ್ನು ಇದೇ ಸಮಿತಿಯ ಮುಂದೆ ಬರೆವಣಿಗೆಯಲ್ಲಿ ಇಡುವ ಪದ್ಧತಿ ಏರ್ಪಟ್ಟರೆ ಸೈನಿಕನಿಗೆ ಸತ್ಯ ಹೇಳಲು ಒಂದು ಪೀಠ ದೊರೆತಂತಾಗುತ್ತದೆ. ಮಂತ್ರಿಗೂ ಆಮೇಲೆ ತನಗೆ ಹೇಳಲಿಲ್ಲವೆನ್ನುವ ಅವಕಾಶವಿರುವುದಿಲ್ಲ.

ಸೈನಿಕನಿಂದ ಸತ್ಯವನ್ನು ಬೇಡುವ ಸರ್ಕಾರ ತಾನೂ ಪ್ರಜೆಗೆ ಸತ್ಯವನ್ನು ಹೇಳಬೇಕು. ಹೈದರಾಬಾದಿನ ಕಾರ್ಯಾಚರಣೆಯ ಬೆನ್ನಿಗೆ ನಡೆದ ಹತ್ಯೆಗಳನ್ನು ವಿಚಾರಿಸಲು ನೆಹರೂ ಅವರು 1948ರ ಕೊನೆಯಲ್ಲಿ ಪಂಡಿತ್ ಸುಂದರಲಾಲರ ಸಮಿತಿಯನ್ನು ಕಳುಹಿದರು. ಸತ್ತವರು ಇಪ್ಪತ್ತೇಳರಿಂದ ನಲವತ್ತು ಸಾವಿರವೆಂದು ಅದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ನಮ್ಮ ಕನ್ನಡದ ಗುಲಬರ್ಗಾ, ಬೀದರಗಳೂ ಇದ್ದುವು. ಬಲಿಯಾದವರು ಬಹುಮಟ್ಟಿಗೆ ಮುಸಲ್ಮಾನ ಪ್ರಜೆಗಳು. ರಜಾಕಾರರ ದೌರ್ಜನ್ಯವನ್ನು ಮರೆಯದವರು ಇದನ್ನೂ ಅರಿತಿರಬೇಕಾಗಿದ್ದಿತು. ಆದರೆ ಆ ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ, ಸಾರ್ವಜನಿಕರ ಕಣ್ಣಿಗೆ ಬೀಳಲು ಅದಕ್ಕೆ ಆರು ದಶಕಗಳಿಗೂ ಮೇಲ್ಪಟ್ಟು ಕಾಲ ಹಿಡಿಯಿತು. 1962ರ ಸೋಲನ್ನು ಪರಿಶೀಲಿಸಿದ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಅವರ ವರದಿ 1963ರಲ್ಲಿಯೇ ಸಿದ್ಧವಾಯಿತು. ಅದರ ಭಾಗವೊಂದನ್ನು 2014ರಲ್ಲಿ ವಿದೇಶೀ ಪತ್ರಕರ್ತನೊಬ್ಬನು ಹೊರಗೆಡವಿದನೇ ಹೊರತು, ನಮ್ಮ ಯಾವ ಸರ್ಕಾರವೂ ಅದನ್ನು ತಾನಾಗಿ ಜನರ ಮುಂದಿಟ್ಟಿಲ್ಲ. ಅದರಲ್ಲಿ ಹೆಸರಿಸಲ್ಪಟ್ಟ ಸೇನಾಪತಿಗಳೂ ಮಂತ್ರಿಗಳೂ ಕಾಲವಾಗಿ ಬಹಳ ದಿನಗಳಾದುವು. ಅಂದಿನ ಬಂದೂಕುಗಳು ವಸ್ತುಸಂಗ್ರಹಾಲಯ ಸೇರಿದುವು. ಅದನ್ನು ಸಮಗ್ರವಾಗಿ ಅಚ್ಚು ಹಾಕಿಸಿ ಸಂಸತ್ತಿನಲ್ಲಿ ಮಂಡಿಸುವುದಕ್ಕೆ ಬೇಕಾದುದು ರಕ್ಷಣಾಮಂತ್ರಿಯ ಒಂದು ಅಪ್ಪಣೆ. ಅದನ್ನು ಕೇಳುವ ಹಕ್ಕು ಜವಾನರನ್ನು ಗಡಿಗೆ ಕಳುಹಿಸುವ ಪ್ರತಿಯೊಂದು ಹಳ್ಳಿಗೂ ಇದೆ.